ಗವಿಸಿದ್ದಪ್ಪನ ಪಾಲಿನ ಪತ್ರೆ

ಜಡೆಮ್ಮ ಮೂರನೆಯ ಚಮಚ ಗಂಜಿಯನ್ನು ಗಂಡನ ಬಾಯಿಗೆ ಹಿಡಿದಳು. ಅದು ಒಳಗೆ ಇಳಿಯಲಿಲ್ಲ. ತುಟಿಯ ಅಂಚಿನಿಂದ ಹೊರಬಂದು ಬಿಳಿಗಡ್ಡದಲ್ಲಿ ನಿಂತಿತು. "ನುಂಗ್ರಿ," ಎಂದಳು. ಗವಿಸಿದ್ದಪ್ಪನ ಕಣ್ಣುಗಳು ಮಾಳಿಗೆಯ ಜಂತಿಯತ್ತ ತೆರೆದೇ ಇದ್ದವು, ಅವುಗಳಲ್ಲಿ ನೋಟವಿರಲಿಲ್ಲ.

ಅವಳು ಕೂಡಲೇ ಅಳಲಿಲ್ಲ. ಮೊದಲು ಸೆರಗಿನ ತುದಿಯಿಂದ ಗಡ್ಡ ಒರೆಸಿದಳು. ಗಂಜಿಯಲ್ಲಿ ಹಸಿರಿತ್ತು. ಆ ಹಸಿರು ಒಂದು ಕೂದಲಿಗೂ ಅಂಟಿರದಂತೆ ಒರೆಸಿದಳು. ಬಟ್ಟಲಲ್ಲಿ ಉಳಿದದ್ದನ್ನು ಹಿತ್ತಲ ಬೂದಿಗುಂಡಿಗೆ ಸುರಿದು, ಕಾಲಿನಿಂದ ಅದರ ಮೇಲೆ ಬೂದಿ ಎಳೆದಳು. ಆಮೇಲೆ ತಲೆಬಾಗಿಲಿಗೆ ಬಂದು ನಿಂತು ಬಾಯಿ ತೆಗೆದು ಅತ್ತಳು. ಓಣಿಯ ಜನ ಒಬ್ಬೊಬ್ಬರಾಗಿ ಬಂದು ಸೇರಿದರು.

ಕುರುಗೋಡಿನಲ್ಲಿ ಹೂಗಾರರ ಮನೆ ಅದೊಂದೇ. ಗವಿಸಿದ್ದಪ್ಪ ಪ್ರಾಯದಿಂದಲೂ ದಿನಾ ಬೆಳಿಗ್ಗೆ ಪುಟ್ಟಿ ಹೊತ್ತು ಲಿಂಗಪೂಜೆಯ ಮನೆಮನೆಗೂ ಬಿಲ್ವಪತ್ರೆ ಹಾಕಿದವನು. ಊರಲ್ಲಿ ಯಾರೇ ತೀರಿಕೊಂಡರೂ, ಕುಣಿಯೊಳಗೆ ಕೂಡಿಸಿದ ಹೆಣದ ಸುತ್ತ ತುಂಬುವ ಪತ್ರೆ ಅವನ ಮನೆಯಿಂದಲೇ ಹೋಗಬೇಕು. ಪತ್ರೆಯಿಲ್ಲದೆ ಬರಿಯ ಮಣ್ಣು ಮೈಗೆ ತಾಗಿದರೆ ಹೋದವರಿಗೆ ಶಿವನ ಪಾದ ಸಿಗುವುದಿಲ್ಲ ಎಂಬುದು ಊರಿನ ನಂಬಿಕೆ.

ಗೌಡರ ಮನೆಯ ದೊಡ್ಡಬಸಪ್ಪ ಎಲ್ಲರಿಗಿಂತ ಮೊದಲು ಬಂದ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದ ಜಡೆಮ್ಮನ ಮಗ ಚಂದ್ರಣ್ಣನಿಗೆ ಬೆಳಗಿನ ಬಸ್ಸಿನವನ ಕೈಯಲ್ಲಿ ಸುದ್ದಿ ಕಳಿಸಿದ. ಸಿರುಗುಪ್ಪದಲ್ಲಿದ್ದ ಗವಿಸಿದ್ದಪ್ಪನ ಅಕ್ಕ ಹಂಪಕ್ಕನನ್ನು ಕರೆತರಲು ಸೈಕಲ್ಲಿನ ಮೇಲೆ ಆಳು ಓಡಿಸಿದ. ಅದೆಲ್ಲ ಆದ ಮೇಲೆ ಜಡೆಮ್ಮನ ಮುಂದೆ ಬಂದು ಕುಳಿತು, ಧ್ವನಿ ತಗ್ಗಿಸಿ ಹೇಳಿದ:

"ನೀ ಏನೂ ಯೋಚನಿ ಮಾಡಬ್ಯಾಡ ಜಡೆವ್ವ. ಊರಿನ ಎಲ್ಲಾ ಕುಣಿಗೂ ಪತ್ರಿ ಕೊಟ್ಟಾಂವ ಅವ. ಅವನ ಕುಣಿಗೆ ಮನಿಗೊಂದು ಪುಟ್ಟಿ ಪತ್ರಿ ಬರಬೇಕಂತ ಸಾರಿಸೀನಿ. ಗದ್ದದ ಮಟ ತುಂಬೋಣು."

"ಬ್ಯಾಡ್ರಿ ಗೌಡ್ರ," ಎಂದಳು ಜಡೆಮ್ಮ.

ಅವನು ಅದನ್ನು ಬಡವರ ಸಂಕೋಚವೆಂದು ತಿಳಿದ. "ಏಳು ವರ್ಷ ಅವ ನಮ್ಮ ಹಿರೇರಿಗೆ ಬರೇ ತರಗು ಹಾಕಿದ. ಇರಲಿ. ನಾವು ಅವಗ ಹಸೀದ ಹಾಕ್ತೀವಿ," ಎಂದು ಎದ್ದು ಹೋದ.

ಸ್ವಲ್ಪ ಹೊತ್ತಿಗೆ ಹಿತ್ತಲಾಚೆಯ ಬಿಲ್ವದ ಬನದಿಂದ ಟೊಂಗೆ ಮುರಿದ ಸದ್ದು ಬಂತು. ಮತ್ತೊಂದು. ಆಮೇಲೆ ಒಂದರ ಹಿಂದೊಂದು. ಜಡೆಮ್ಮ ಗಂಡನ ತಲೆಯ ಬದಿಗೆ ಕುಳಿತು ಪ್ರತಿ ಸದ್ದಿಗೂ ಕಣ್ಣು ಮುಚ್ಚಿದಳು. ಒಂದು ಎಲೆಯನ್ನೂ ಹರಿಯಗೊಡುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟು ಇನ್ನೂ ತಿಂಗಳಾಗಿರಲಿಲ್ಲ. ಎದ್ದು ಹೋಗಿ ತಡೆಯಬೇಕು. ತಡೆದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ, ಹಾಗಾದರೆ ಅವನು ಇಷ್ಟು ದಿನ ಏನು ತಿಂದು ಬದುಕಿದ್ದ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಅವಳು ಹೆದರಿದ್ದಳು.

*

ಯುದ್ಧ ಮುಗಿದ ವರ್ಷ ಗಂಡಹೆಂಡತಿ ಸಿರುಗುಪ್ಪಕ್ಕೆ, ಹಂಪಕ್ಕನ ಮೊಮ್ಮಗನ ತೊಟ್ಟಿಲಿಗೆ ಹೋಗಿದ್ದರು. ಹಂಪಕ್ಕನ ಅಳಿಯ ಉಚ್ಚೆಂಗೆಪ್ಪ ಶಾಲೆಯ ಮಾಸ್ತರ. ಊಟಕ್ಕೆ ಮುಂಚೆ ಪಡಸಾಲೆಯಲ್ಲಿ ಕುಳಿತವರಿಗೆ ಅವನು ಪಾಠದ ಪುಸ್ತಕದಿಂದ ಒಂದು ಸಂಗತಿ ಓದಿ ಹೇಳಿದ. ಕಲ್ಕತ್ತೆಯ ಕಡೆ ಪಂಡಿತರೊಬ್ಬರು ಯಂತ್ರ ಕಟ್ಟಿ ಗಿಡದ ಮಿಡಿತ ಅಳೆದರಂತೆ. ಎಲೆ ಚಿವುಟಿದರೆ ಯಂತ್ರದ ಗೆರೆ ನಡುಗುತ್ತದಂತೆ. ಬೇರಿಗೆ ವಿಷ ಹಾಕಿದರೆ ಒಮ್ಮೆ ಜೋರಾಗಿ ಮೇಲೆ ಹಾರಿ ಸುಮ್ಮನಾಗುತ್ತದಂತೆ.

ಕೇಳಿದವರು ನಕ್ಕರು. ಹಾಗಾದರೆ ಸುಗ್ಗಿಯಲ್ಲಿ ನಮ್ಮ ಹೊಲವೆಲ್ಲ ಬೊಬ್ಬೆ ಹಾಕುತ್ತಿರಬೇಕು, ನಮಗೆ ಕಿವಿಯಿಲ್ಲ ಅಷ್ಟೆ ಎಂದ ಒಬ್ಬ. ಗವಿಸಿದ್ದಪ್ಪ ಮಾತ್ರ ನಗದೆ ಮುಂದಕ್ಕೆ ಬಾಗಿ ಕುಳಿತ.

"ಮಾಸ್ತರ, ಚಿವುಟಾಕ ಮುಂಚೆ, ಕೈ ಹತ್ರ ಬರೂ ಹೊತ್ತಿನಾಗ, ಆ ಗೆರಿ ಏನರ ಅಲ್ಲಾಡತೈತೇನು?"

ಉಚ್ಚೆಂಗೆಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, "ಅಲ್ಲಾಡಬೋದು ಮಾವ," ಎಂದುಬಿಟ್ಟ.

ಹೂಗಾರರಲ್ಲಿ ಒಂದು ಪದ್ಧತಿ ಇದೆ. ಪತ್ರೆ ಹರಿಯುವ ಮೊದಲು ಗಿಡದ ಬೊಡ್ಡೆ ಮುಟ್ಟಿ, ಹರಿಯಲೇ ತಾಯಿ ಎಂದು ಕೇಳಬೇಕು. ಕೇಳಿದ ಕೂಡಲೇ ಕೈ ಎತ್ತಿ ಹರಿಯಬೇಕು. ಗವಿಸಿದ್ದಪ್ಪನ ಅಪ್ಪ, ಅಜ್ಜ ಎಲ್ಲರೂ ಹಾಗೆಯೇ ಮಾಡಿದವರು. ಅಂದು ಊರಿಗೆ ಮರಳುವಾಗ ಬಂಡಿಯಲ್ಲಿ ಅವನು ದಾರಿಬದಿಯ ಗಿಡಗಳನ್ನೇ ನೋಡುತ್ತ ಬಂದ. ಕೊನೆಗೆ, "ಮೂವತ್ತು ವರ್ಷ ದಿನಾ ಕೇಳೀನಿ ಜಡಿ," ಎಂದ. "ಒಂದಿನಾನೂ ಉತ್ತರ ಬರಾತನ ನಿಂತಿಲ್ಲ."

ಮರುದಿನ ಬೆಳಿಗ್ಗೆ ಅವನು ನಿಂತ. ಜಡೆಮ್ಮ ಸಗಣಿ ಬಾಚುತ್ತ ಹಿತ್ತಲಿನಿಂದ ನೋಡಿದಳು. ದೊಡ್ಡ ಬಿಲ್ವದ ಬೊಡ್ಡೆಯ ಮೇಲೆ ಕೈ ಇಟ್ಟು, ತಲೆ ತಗ್ಗಿಸಿ, ಯಾರದೋ ಮನೆಯ ಬಾಗಿಲು ತಟ್ಟಿ ನಿಂತವನ ಹಾಗೆ ನಿಂತಿದ್ದ. ಬಿಸಿಲು ಅವನ ಹೆಗಲಿಗೆ ಬಂತು, ಬೆನ್ನಿಗೆ ಇಳಿಯಿತು. ಗಾಳಿ ಇರಲಿಲ್ಲ. ಒಮ್ಮೆಲೇ ಬಿಸಿಕಲ್ಲು ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ. ಬರಿಯ ಪುಟ್ಟಿ ಹಿಡಿದು ಮನೆಗೆ ಬಂದ.

"ಏನಂತ್ರಿ?" ಎಂದು ಅವಳು ಕೇಳಿದಳು, ಅರ್ಧ ತಮಾಷೆಗೆ.

ಅವನು ಪುಟ್ಟಿಯನ್ನು ಗೂಟಕ್ಕೆ ಸಿಕ್ಕಿಸಿ ಬಚ್ಚಲಿಗೆ ಹೋದ. ಅಂದು ಇಡೀ ದಿನ ಕೈ ತೊಳೆದುಕೊಳ್ಳುತ್ತಲೇ ಇದ್ದ. ಆಮೇಲೆ ಸಾಯುವ ತನಕ ಒಂದು ಎಲೆಯನ್ನೂ ಹರಿಯಲಿಲ್ಲ. ತಾನಾಗಿ ಉದುರಿದ ಪತ್ರೆಯನ್ನು ಆಯ್ದು, ತೊಳೆದು, ಮನೆಗಳಿಗೆ ಹಾಕಿದ. ಬಿಲ್ವ ಒಣಗಿದರೂ ಪೂಜೆಗೆ ಬರುತ್ತದೆಂದು ಊರು ಒಪ್ಪಿತು. ಕುಣಿಗಳಿಗೆಂದು ಬೇಸಿಗೆಯಲ್ಲಿ ಉದುರಿದ್ದನ್ನು ಚೀಲಗಳಲ್ಲಿ ತುಂಬಿಡುತ್ತಿದ್ದ. ಕಡೆಯ ಚೀಲ ಈ ವರ್ಷದ ಶ್ರಾವಣದಲ್ಲಿ ಬಡಿಗೇರ ಓಣಿಯ ಮುದುಕಿ ಪಾರಮ್ಮನ ಕುಣಿಗೆ ಹೋಗಿತ್ತು.

*

ಮಧ್ಯಾಹ್ನದ ಹೊತ್ತಿಗೆ ಹಂಪಕ್ಕ ಬಂದಳು. ಬಾಗಿಲಲ್ಲೇ ಕುಸಿದು, ಎದೆ ಬಡಿದುಕೊಂಡು, ತಮ್ಮನ ಬಾಲ್ಯದಿಂದ ಹಾಡಿ ಹಾಡಿ ಅತ್ತಳು. ಬದನೆಕಾಯಿಗೂ ಕೈ ಮುಗಿದವನೇ, ಪುಂಡಿಪಲ್ಯಕ್ಕೂ ಕಣ್ಣೀರು ಹಾಕಿದವನೇ, ನಿನ್ನ ಮೇಲೆ ಕರುಣೆ ಇಡುವವರು ಯಾರೂ ಇರಲಿಲ್ಲವೇ ಎಂದಳು. ಹಾಗೆನ್ನುತ್ತ ತಮ್ಮನ ಹೆಂಡತಿಯ ಕಡೆ ನೋಡಿದಳು. ಆ ನೋಟವನ್ನು ಅಲ್ಲಿದ್ದ ಹೆಂಗಸರೆಲ್ಲ ಕಂಡರು. ಅವಳ ಜೊತೆ ಬಂದಿದ್ದ ಉಚ್ಚೆಂಗೆಪ್ಪ ಒಳಗೆ ಬಾರದೆ ಕಟ್ಟೆಯ ತುದಿಯಲ್ಲಿ ಕುಳಿತು, ನಾನು ಪುಸ್ತಕದಲ್ಲಿದ್ದದ್ದು ಓದಿದೆ, ಅಷ್ಟೇ ಎಂದು ಯಾರೂ ಕೇಳದಿದ್ದರೂ ಪಕ್ಕದವನಿಗೆ ಹೇಳಿಕೊಂಡ.

ಕಟ್ಟೆಯ ಮೇಲೆ ಗಂಡಸರು ಬಳ್ಳಾರಿ ಸೀಮೆ ಮದ್ರಾಸಿನಲ್ಲೇ ಉಳಿಯುತ್ತದೋ, ಆಂಧ್ರಕ್ಕೆ ಹೋಗುತ್ತದೋ, ಮೈಸೂರಿಗೆ ಸೇರುತ್ತದೋ ಎಂದು ಮಾತಾಡಿದರು. ಅದು ಬೇಸರವಾದ ಮೇಲೆ ಗವಿಸಿದ್ದಪ್ಪನ ಕತೆಗಳನ್ನು ತೆಗೆದರು.

"ನಮ್ಮ ಎತ್ತಿಗರ ಒಂದೆರಡು ಮಾತು ಬುದ್ಧಿ ಹೇಳಿದ್ರ ಆಗತಿತ್ತಲೇ," ಎಂದ ದೊಡ್ಡಬಸಪ್ಪ. "ಮೇವು ಉಳೀತಿತ್ತು."

ಮೆಲ್ಲಗೆ ನಕ್ಕರು. ನಗುವಿನ ನಡುವೆ ಬನದಿಂದ ದೊಡ್ಡದೊಂದು ಟೊಂಗೆ ಸೀಳಿ ಬಿದ್ದ ಸದ್ದಾಯಿತು. ಯಾರೋ ಕುಡುಗೋಲು ಕಟ್ಟಿದ ಗಳ ಹಿಡಿದು ತುದಿಯವರೆಗೂ ಹೋಗಿದ್ದರು. ಪತ್ರೆ ಹರಿಯುವುದು ಹೇಗೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಳಗೆ ಹೆಣವಾಗಿ ಮಲಗಿದ್ದ. ಮನೆಗೊಂದು ಪುಟ್ಟಿ ಎಂದ ಮೇಲೆ ಯಾರ ಪುಟ್ಟಿಯೂ ಕಡಿಮೆಯಾಗುವಂತಿರಲಿಲ್ಲ.

ಆಗಲೇ ಚಂದ್ರಣ್ಣ ಬಂದ. ಬಳ್ಳಾರಿಯಿಂದ ಸೇವಂತಿಗೆ ಹಾರಗಳ ಗಂಟು ತಂದಿದ್ದ. ಹೊಸಿಲವರೆಗೆ ಬಂದವನು, ಏನು ನೆನಪಾಯಿತೋ, ಹಿಂದಕ್ಕೆ ಹೋಗಿ ಗಂಟನ್ನು ಬೀದಿಯಲ್ಲೇ ಇಟ್ಟು, ಬರಿಗೈಯಲ್ಲಿ ಒಳಗೆ ಬಂದ. ಅಪ್ಪ ಏಳು ವರ್ಷದಲ್ಲಿ ಒಮ್ಮೆಯೂ ಅವನ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ.

ಹೆಣವನ್ನು ಮೀಯಿಸಿ ಕೂಡಿಸಲು ಮಲ್ಲಯ್ಯ ಬಂದರು. ಅವರು ಊರಿನ ಜಂಗಮರು. ಅರವತ್ತು ದಾಟಿದವರು, ಗವಿಸಿದ್ದಪ್ಪನಿಂದ ಪ್ರತಿದಿನ ಪತ್ರೆ ತೆಗೆದುಕೊಂಡವರು. ಅವನೊಂದಿಗೆ ಈ ವಿಷಯಕ್ಕೆ ಎಷ್ಟೋ ಸಲ ವಾದ ಮಾಡಿದವರು. ಲಿಂಗಕ್ಕೆ ಏರಿದ ಎಲೆಗೆ ನೋವಿಲ್ಲ, ಅದಕ್ಕೆ ಮುಕ್ತಿ. ಲಿಂಗಕ್ಕೆ ತೋರಿಸಿ ಉಂಡ ಪಲ್ಯಕ್ಕೂ ಹಾಗೆಯೇ ಎಂದು ಅವರು ಹೇಳಿದ್ದರು. ಅದಕ್ಕೆ ಗವಿಸಿದ್ದಪ್ಪ, ಲಿಂಗಕ್ಕೆ ನಾನು ಕೊಡುವುದು ನನ್ನದನ್ನೋ ಗಿಡದ್ದನ್ನೋ ಎಂದು ಕೇಳಿದ್ದ. ಮಲ್ಲಯ್ಯನವರು ಆ ಪ್ರಶ್ನೆಗೆ ಸಿಟ್ಟು ಮಾಡಿಕೊಂಡಿದ್ದರು, ಮರೆತಿರಲಿಲ್ಲ.

ಇಬ್ಬರು ಎತ್ತಬೇಕಾದ ಹೆಣವನ್ನು ಚಂದ್ರಣ್ಣ ಒಬ್ಬನೇ ಎತ್ತಿದ. ಅಂಗಿ ತೆಗೆದಾಗ ಮಲ್ಲಯ್ಯನವರ ವಿಭೂತಿಯ ಕೈ ನಿಂತಿತು. ಪಕ್ಕೆಲುಬುಗಳ ನಡುವೆ ಒಂದೊಂದು ಬೆರಳು ಹೂಳುವಂತಿತ್ತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ತಾಯಿ ಮಗನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

"ಜಡೆವ್ವ, ಖರೇ ಹೇಳು. ಇವ ಅನ್ನ ಬಿಟ್ಟು ಸತ್ತನೇನು?"

ಅವಳು ಗಂಡನ ಸೊಂಟದ ಪಂಚೆ ಸರಿಮಾಡಿದಳು.

"ತಾನಾಗಿ ಜೀವ ಬಿಟ್ಟಾವಗ ನಾ ಪಾದ ಇಡಾಕ ಬರಂಗಿಲ್ಲ. ಕುಣ್ಯಾಗ ಕೂಡ್ರಸಾಕೂ ಬರಂಗಿಲ್ಲ. ಸಿರಿಗೇರಿ ಎರ್ರಣ್ಣನ್ನ ಏನ್ ಮಾಡಿದ್ರು, ನಿನಗೂ ಗೊತ್ತೈತಿ."

ಗೊತ್ತಿತ್ತು. ಬಾವಿಗೆ ಬಿದ್ದ ಎರ್ರಣ್ಣನನ್ನು ಹಳ್ಳದ ದಂಡೆಯಲ್ಲಿ ಅಡ್ಡ ಮಲಗಿಸಿ ಮಣ್ಣು ಎಳೆದಿದ್ದರು. ಲಿಂಗವನ್ನು ಅಂಗೈಗೆ ಇಟ್ಟಿರಲಿಲ್ಲ. ಇಂದಿಗೂ ಆ ದಂಡೆಯಲ್ಲಿ ಹೊತ್ತು ಇಳಿದ ಮೇಲೆ ಯಾರೂ ದನ ಹೊಡೆಯುವುದಿಲ್ಲ.

*

ಮೊದಲು ಗವಿಸಿದ್ದಪ್ಪ ಸೊಪ್ಪು ತಿನ್ನುವುದು ಬಿಟ್ಟಿದ್ದ, ಆಮೇಲೆ ಕಾಯಿಪಲ್ಯ. ಜೋಳದ ಬೆಳೆ ತಾನೇ ಒಣಗಿ ನಿಂತ ಮೇಲೆ ಕೊಯ್ಯುತ್ತಾರಲ್ಲ, ಅದು ಅಡ್ಡಿಯಿಲ್ಲ ಎಂದು ರೊಟ್ಟಿ ಮಾತ್ರ ತಿನ್ನುತ್ತಿದ್ದ. ನಾಲ್ಕೈದು ವರ್ಷ ಹಾಗೆಯೇ ನಡೆಯಿತು. ಕಳೆದ ಬೇಸಿಗೆಯಲ್ಲಿ ಗೌಡರ ಹಗೇವು ತೆಗೆದರು. ನೆಲದೊಳಗಿನ ಆ ಕಣಜದ ತಳಕ್ಕೆ ನೀರು ಇಳಿದಿತ್ತು. ತಳದ ಜೋಳವೆಲ್ಲ ಕತ್ತಲಲ್ಲೇ ಬಿಳಿಯ ಮೊಳಕೆ ಒಡೆದು, ಒಂದಕ್ಕೊಂದು ತೆಕ್ಕೆ ಬಿದ್ದು, ಬಾಯಿ ತೆರೆದ ಕಡೆಗೆ ಮುಖ ಮಾಡಿ ನಿಂತಿತ್ತು. ಗವಿಸಿದ್ದಪ್ಪ ಅಂಚಿನಲ್ಲಿ ಕುಳಿತು ಒಳಗೆ ಬಗ್ಗಿ ನೋಡಿದ. ಮನೆಗೆ ಬಂದು ತಟ್ಟೆಯ ಮುಂದೆ ಕುಳಿತವನು ರೊಟ್ಟಿ ಮುರಿಯಲಿಲ್ಲ.

"ಸತ್ತಿರಲಿಲ್ಲ ಜಡಿ. ಕಣ್ಣು ಮುಚ್ಚಿಕೊಂಡು ಕುಂತಿದ್ವು," ಎಂದ.

ಅಂದಿನಿಂದ ಮಜ್ಜಿಗೆ, ಗಾಳಿಗೆ ಉದುರಿದ ಹುಣಸೆ, ಬೇಲಿಯ ಕೆಳಗೆ ಬಿದ್ದ ಬಾರೆಹಣ್ಣು. ಅವಳು ಅತ್ತಳು, ಬೈದಳು, ತಾನೂ ಎರಡು ದಿನ ಉಣ್ಣದೆ ಕುಳಿತಳು. ಅವನು ಸಮಾಧಾನದಿಂದ, ನೀನು ಉಣ್ಣು, ನಿನಗೆ ಅದು ಕೇಳಿಸಿಲ್ಲ ಎಂದ. ದಸರೆಯ ಹೊತ್ತಿಗೆ ಹಾಸಿಗೆ ಹಿಡಿದ.

ಬನ್ನಿ ಕೊಡುವ ದಿನ ಅವಳನ್ನು ಹತ್ತಿರ ಕರೆದ. "ಜನ ನನ್ನ ಕುಣಿಗೆ ಪತ್ರಿ ತರ್ತಾರ. ಒಂದ ಎಲಿ ಸೈತ ಹರೀಬಾರ್ದು. ಎಷ್ಟು ಕುಣಿ ತುಂಬೀನಿ ನಾನು. ಆ ಎಲಿ ಎಲ್ಲಾ ನನ್ನ ದಾರಿ ಕಾಯಾಕ ಹತ್ಯಾವ. ಮತ್ತೊಂದಿಷ್ಟು ಕೂಡಸಬ್ಯಾಡ. ಲಿಂಗ ಮುಟ್ಟಿ ಹೇಳು."

ಜಡೆಮ್ಮ ಕೊರಳ ಲಿಂಗ ಮುಟ್ಟಿ ಹೇಳಿದಳು. ಹೇಳಿ, ಅಂದೇ ಮಧ್ಯಾಹ್ನ ಹಿತ್ತಲ ನುಗ್ಗೆಯ ಎಳೆ ಸೊಪ್ಪು ಹರಿದು, ನುಣ್ಣಗೆ ಅರೆದು, ಜೋಳದ ನುಚ್ಚಿನ ಗಂಜಿಯಲ್ಲಿ ಕಲಸಿ ತಂದಳು. ಅವನ ಕಣ್ಣು ಮಂಜಾಗಿತ್ತು. "ಬಿದ್ದದ್ದೇನು?" ಎಂದ. "ಬಿದ್ದದ್ದ," ಎಂದಳು. ಇಪ್ಪತ್ತೆರಡು ದಿನ ಅವನು ಅದನ್ನೇ ಕೇಳಿದ, ಅವಳು ಅದನ್ನೇ ಹೇಳಿದಳು. ಪ್ರತಿ ಸಲ ನುಂಗಿದ ಮೇಲೆ ಅವನ ಮುಖ ಸ್ವಲ್ಪ ಸಂಕಟಪಡುತ್ತಿತ್ತು. ರುಚಿಗೋ, ತಿಳಿದದ್ದಕ್ಕೋ ಅವಳು ಕೇಳಲಿಲ್ಲ.

*

ಮಲ್ಲಯ್ಯನವರು ಕಾಯುತ್ತಿದ್ದರು. ಚಂದ್ರಣ್ಣ ತಾಯಿಯ ಮುಖ ನೋಡುತ್ತಿದ್ದ.

"ಅನ್ನ ಬಿಟ್ಟಿಲ್ರಿ ಅಯ್ಯನೋರ," ಎಂದಳು ಜಡೆಮ್ಮ. "ಇವತ್ತು ಮುಂಜಾನಿನೂ ಎರಡು ಚಮಚ ಗಂಜಿ ಇಳೀತು. ನುಗ್ಗಿ ಸೊಪ್ಪು ಅರದು ಹಾಕಿದ ಗಂಜಿ. ನಾನ ಹರಿದಿದ್ದೆ."

"ಅವಗ ಗೊತ್ತಿತ್ತೇನು?"

"ಬಿದ್ದದ್ದು ಅಂತ ಹೇಳಿದ್ದೆ."

ಚಂದ್ರಣ್ಣ ಗೋಡೆಯ ಕಡೆ ತಿರುಗಿದ. ಮಲ್ಲಯ್ಯನವರ ಮುಖ ಸಡಿಲವಾಯಿತು. "ಹೆಂಗರ ಇರಲಿ, ಉಂಡದ್ದು ಉಂಡದ್ದ. ನೀ ಇವನ ಮಣ್ಣು ಉಳಸಿದಿ," ಎಂದು ಮತ್ತೆ ವಿಭೂತಿಯ ಗಟ್ಟಿ ಕೈಗೆತ್ತಿಕೊಂಡರು.

"ಇನ್ನೊಂದು ಐತ್ರಿ. ಕುಣಿಗೆ ಪತ್ರಿ ಬ್ಯಾಡಂದಾರ. ಲಿಂಗ ಮುಟ್ಟಿ ಮಾತು ಕೊಟ್ಟೀನಿ."

ಅವರು ಕೆಲಸ ನಿಲ್ಲಿಸದೆ ಹೇಳಿದರು. ಧ್ವನಿ ಕಠಿಣವಾಗಿರಲಿಲ್ಲ, ಅದರಿಂದಲೇ ಅವಳಿಗೆ ಇನ್ನೂ ಭಯವಾಯಿತು.

"ಎರಡೂ ಬರಂಗಿಲ್ಲವ್ವ. ವ್ರತ ಹಿಡಿದಿದ್ದ, ಪತ್ರಿ ಬ್ಯಾಡ ಅಂತಿ ಅಂದ್ರ, ವ್ರತದಾಗ ಸತ್ತ, ಉಪಾಸ ಸತ್ತ. ಹಂಗಲ್ಲ, ಉಣ್ಣತಿದ್ದ ಅಂದ್ರ, ಎಲ್ಲಾರಂಗ ಅವಗೂ ಪತ್ರಿ ಬೇಕು. ಹೊರಗ ಊರು ಕುಂತೈತಿ. ಯಾವುದು ಹೇಳಲಿ, ನೀನ ಹೇಳು."

ಚಂದ್ರಣ್ಣ, "ಅವ್ವ," ಎಂದ.

ಬನದಲ್ಲಿ ಈಗ ಸದ್ದು ನಿಂತಿತ್ತು. ಅದು ನಿಂತದ್ದು ಯಾಕೆಂದು ಜಡೆಮ್ಮನಿಗೆ ತಿಳಿಯಿತು. ಉಳಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ, ಹರಿದದ್ದನ್ನು ಬನದಲ್ಲೇ ಬಿಟ್ಟು ಅವನನ್ನು ಬರಿಯ ಮಣ್ಣಿನಲ್ಲಿ ಇಡಬಹುದಿತ್ತು; ಹಳ್ಳದ ದಂಡೆಯಲ್ಲಿ, ಅಡ್ಡ. ಅವನು ಅದಕ್ಕೂ ಒಪ್ಪುತ್ತಿದ್ದನೇನೋ. ಅವಳಿಂದ ಆಗಲಿಲ್ಲ. ಲಿಂಗವಿಲ್ಲದ ಅಂಗೈ, ಪಾದ ತಾಗದ ತಲೆ, ಹೊತ್ತು ಇಳಿದ ಮೇಲೆ ಯಾರೂ ಸುಳಿಯದ ದಂಡೆ.

"ಪತ್ರಿ ಹಾಕ್ರಿ," ಎಂದಳು.

ಬಾಗಿಲು ತೆರೆಯಿತು.

ಹೊತ್ತು ಬಾಗುವ ಮುಂಚೆ ಹೊರಟರು. ಕುರ್ಚಿಯಂತೆ ಕಟ್ಟಿದ ವಿಮಾನದಲ್ಲಿ ಗವಿಸಿದ್ದಪ್ಪ ಕುಳಿತಿದ್ದ. ತಲೆ ವಾಲದಂತೆ ಹಣೆಗೆ ಬಟ್ಟೆ ಕಟ್ಟಿದ್ದರು. ದಾರಿ ಬನದ ಪಕ್ಕದಿಂದಲೇ ಹೋಗುತ್ತಿತ್ತು. ಮುಂದಿದ್ದ ಭಜನೆಯವರು ಅಲ್ಲಿಗೆ ಬಂದಾಗ ಹಾಡು ಎಳೆದರು, ಆಮೇಲೆ ಬಿಟ್ಟರು. ಹನ್ನೊಂದು ಬಿಲ್ವಗಳೂ ಬೋಳಾಗಿದ್ದವು. ಸೀಳಿದ ತೊಗಟೆ ಒಳಮೈ ತೋರಿಸುತ್ತ ಜೋತಿತ್ತು, ಗಾಯಗಳಲ್ಲಿ ನೀರು ಮಿನುಗುತ್ತಿತ್ತು. ಗಾಳಿಯಲ್ಲಿ ಹಸಿ ಬಿಲ್ವದ ಕಟು ವಾಸನೆ ದಟ್ಟವಾಗಿತ್ತು. ಹಂಪಕ್ಕ ಮೂಗಿಗೆ ಸೆರಗು ಹಿಡಿದಳು. ಇಷ್ಟು ಬೇಕಿರಲಿಲ್ಲ ಎಂದು ದೊಡ್ಡಬಸಪ್ಪ ಯಾರಿಗೋ ಹೇಳಿದ. ಆದರೆ ಅವನ ಮನೆಯ ಪುಟ್ಟಿಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಕುಣಿಯಲ್ಲಿ ಕೂಡಿಸಿದರು. ಎಡಗೈಯಲ್ಲಿ ಲಿಂಗ ಇಟ್ಟರು. ಮಲ್ಲಯ್ಯನವರು ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. ಜನ ಸಾಲುಗಟ್ಟಿ ಬಂದು, ಪುಟ್ಟಿ ಹಣೆಗೆ ಮುಟ್ಟಿಸಿ, ಒಬ್ಬೊಬ್ಬರಾಗಿ ಸುರಿದರು. ಅವರಲ್ಲಿ ಅತ್ತವರೂ ಇದ್ದರು. ಎಲ್ಲರೂ ಪ್ರೀತಿಯಿಂದಲೇ ತಂದಿದ್ದರು. ಗವಿಸಿದ್ದಪ್ಪ ಬದುಕಿದ್ದಾಗ ಮುಳ್ಳು ಬಿಡಿಸಿ, ಮೂರು ದಳದ ಎಲೆಯಷ್ಟೇ ಆಯ್ದು ಕೊಡುತ್ತಿದ್ದ. ಇವರು ಮುಳ್ಳಿನ ಕಡ್ಡಿಯೊಂದಿಗೇ ಮುರಿದು ತಂದಿದ್ದರು. ಒಂದು ಮುಳ್ಳು ಅವನ ಕೆನ್ನೆಯನ್ನು ಗೀರಿತು. ಗೀರಿದ ಕಡೆ ಬಿಳಿಯ ಗೆರೆಯಷ್ಟೇ ಮೂಡಿತು. ಚಂದ್ರಣ್ಣ ಕುಣಿಯ ಅಂಚಿನಲ್ಲಿ ಬೋರಲಾಗಿ ಮಲಗಿ, ಕೈ ಚಾಚಿ, ಮುಖದ ಹತ್ತಿರದ ಮುಳ್ಳುಗಳನ್ನು ಒಂದೊಂದಾಗಿ ಆರಿಸತೊಡಗಿದ. ಮೇಲಿಂದ ಪತ್ರೆ ಅವನ ಕೈಗಿಂತ ಬೇಗ ಬೀಳುತ್ತಿತ್ತು.

ಎದೆ ಮುಚ್ಚಿತು, ಹೆಗಲು ಮುಚ್ಚಿತು. ಗದ್ದದ ಮಟ ಬಂದಾಗ ಮಲ್ಲಯ್ಯನವರು ಕೈ ಎತ್ತಿ ನಿಲ್ಲಿಸಿದರು. ಇನ್ನು ಹೆಂಡತಿಯ ಕಡೆಯ ಬೊಗಸೆ ಬಿದ್ದ ಮೇಲೆ ಮಣ್ಣು. ಯಾರೋ ಜಡೆಮ್ಮನ ಎರಡೂ ಅಂಗೈಗೆ ಪತ್ರೆ ತುಂಬಿದರು. ಅದು ತಣ್ಣಗಿತ್ತು, ಹರಿದ ತೊಟ್ಟುಗಳ ಕಡೆ ಒದ್ದೆಯಿತ್ತು.

ಆಗ ಸದ್ದು ಕೇಳಿಸಿತು. ಒತ್ತಿ ತುಂಬಿದ ಪತ್ರೆ ಕುಣಿಯೊಳಗೆ ತಾನೇ ಸಡಿಲಾಗುತ್ತಿತ್ತು. ತಳದಿಂದ ಮೇಲಕ್ಕೆ, ಸುತ್ತಲಿಂದ ನಡುವಿಗೆ, ಸರಸರ ಎಂದು ಸರಿಯುತ್ತ, ಗವಿಸಿದ್ದಪ್ಪನ ಗದ್ದದಿಂದ ತುಟಿಯ ಕಡೆಗೆ ಏರುತ್ತಿತ್ತು. ಗಾಳಿ ಇರಲಿಲ್ಲ. ಮಲ್ಲಯ್ಯನವರ ಮಂತ್ರ ನಡುವಿನಲ್ಲಿ ನಿಂತುಹೋಯಿತು. ಸಲಿಕೆ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿದರು.

ಜಡೆಮ್ಮ ಮಾತ್ರ ಮುಂದೆ ಬಂದಳು. ಅಂಚಿನಲ್ಲಿ ಮೊಣಕಾಲೂರಿ, ಬೊಗಸೆಯನ್ನು ಎದೆಗೆ ಒತ್ತಿ, ಕೆಳಗೆ ಬಗ್ಗಿದಳು. ಗಂಡನ ಮುಖವನ್ನಾಗಲಿ ಆಕಾಶವನ್ನಾಗಲಿ ನೋಡಲಿಲ್ಲ. ಅವನನ್ನು ಸುತ್ತಿಕೊಂಡಿದ್ದ ಹಸಿರಿನೊಡನೆ, ಮನೆಗೆ ಬಂದ ಹಿರಿಯರೊಡನೆ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದಳು.

"ನಿಮ್ಮನ್ನ ಹರಿಸಿದ್ದು ಇವ್ರಲ್ರಿ, ನಾನು. ಕೇಳೋದಿದ್ರ ನನ್ನ ಕೇಳ್ರಿ. ನಾನೂ ಹಿಂದಿಂದ ಬರ್ತೀನಿ. ಇವ್ರು ಭಾಳ ದಣದಾರ. ಇವ್ರನ್ನ ಸಮಾಧಾನದಿಂದ ಇರಾಕ ಬಿಡ್ರಿ."